ಕಂಬಗಳು ನೇರವಾದ ಮೇಲೆ

ಜನವರಿ ೧೧

ಅಕ್ಕನಿಗೆ,

ಎರಡು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ.

ನಾನಿನ್ನೂ ಅದೇ ರೈಲು ಸೇತುವೆಯ ಮೇಲೇ ಇದ್ದೇನೆ. ಈ ತುದಿಯಿಂದ ಬಣ್ಣ ಬಳಿಯುತ್ತಾ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಗೆ ತುಕ್ಕು ಹಿಡಿದಿರುತ್ತದೆ. ಹಾಗಾಗಿ ಕೆಲಸ ಹೋಗುವ ಭಯವಂತೂ ಇಲ್ಲ.

ನಮ್ಮ ಮೇಸ್ತ್ರಿ ಏಪ್ರಿಲ್‌ನಲ್ಲಿ ನಿವೃತ್ತನಾಗುತ್ತಾನೆ. ಅವನಿಗಾಗಿ ಒಂದು ಚಿಕ್ಕ ಸಿನಿಮಾ ಮಾಡೋಣ ಎಂದು ಹುಡುಗರೆಲ್ಲ ಹೇಳುತ್ತಿದ್ದಾರೆ. ಲಕೋಟೆಯಲ್ಲಿ ಮೆಮೊರಿ ಕಾರ್ಡ್ ಇದೆ. ಅದರಲ್ಲಿರುವುದು ಒಂದೇ ಕ್ಲಿಪ್, ಕೆಲಸಕ್ಕೆ ಬರುವಾಗ ರೈಲಿನ ಬಾಗಿಲ ಗಾಜಿನಿಂದ ಯಾವಾಗಲೋ ತೆಗೆದದ್ದು. ಸೇತುವೆ ಬರುವವರೆಗಿನ ದಾರಿ ಚೆನ್ನಾಗಿದೆ, ಆದರೆ ಹಳಿ ಪಕ್ಕದ ಕಂಬಗಳೆಲ್ಲ ಕುಡಿದವರ ಹಾಗೆ ವಾಲಿಕೊಂಡಿವೆ. ನಿನ್ನ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇದನ್ನು ಸರಿಮಾಡಲು ಆಗುತ್ತದೆಯಂತೆ. ಮಾಡಿಕೊಡುತ್ತೀಯಾ?

ಅವಸರವಿಲ್ಲ. ಆದರೆ ಸರಿಯಾಗಿ ನೋಡು.

ಇತಿ,
ತಮ್ಮ

*

ಜನವರಿ ೨೪

ತಮ್ಮನಿಗೆ,

ಕಾರ್ಡ್ ತಲುಪಿತು. ನೀನು ಬರೆದೆಯಲ್ಲ, ಅದೇ ದೊಡ್ಡದು.

ಕಂಬಗಳು ಕುಡಿದಿಲ್ಲ. ಫೋನಿನ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಏಟಿಗೆ ನೋಡುವುದಿಲ್ಲ. ನಾವು ಪುಟ ಓದುವ ಹಾಗೆ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುತ್ತಾ ಓದುತ್ತದೆ. ಕಂಬದ ತಲೆ ಓದಿ ಬುಡಕ್ಕೆ ಬರುವಷ್ಟರಲ್ಲಿ ರೈಲು ಒಂದಿಷ್ಟು ಮುಂದೆ ಹೋಗಿರುತ್ತದೆ, ಬುಡ ಹಿಂದೆ ಸರಿದಿರುತ್ತದೆ. ಅದಕ್ಕೇ ವಾಲುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ರೋಲಿಂಗ್ ಶಟರ್ ಎನ್ನುತ್ತೇವೆ. ಕ್ಯಾಮೆರಾ ಎಷ್ಟು ಬೇಗ ಓದುತ್ತದೆ, ಯಾವ ದಿಕ್ಕಿನಲ್ಲಿ ಓದುತ್ತದೆ ಎಂದು ಸಾಫ್ಟ್‌ವೇರಿಗೆ ತಿಳಿಸಿದರೆ ಪ್ರತಿಯೊಂದು ಗೆರೆಯನ್ನೂ ಅದರದರ ಜಾಗಕ್ಕೆ ತಳ್ಳುತ್ತದೆ. ನಾನು ಮೊದಲು ದಿಕ್ಕು ತಪ್ಪಾಗಿ ಕೊಟ್ಟೆ. ಕಂಬಗಳು ನೆಟ್ಟಗಾಗುವ ಬದಲು ಅರ್ಧ ಮಲಗಿಯೇಬಿಟ್ಟವು. ಆಫೀಸಿನಲ್ಲಿ ನಕ್ಕರು.

ನಿನ್ನ ಫೋನ್ ಯಾವುದು ಎಂದು ಬರೆ, ಲೆಕ್ಕ ಕರಾರುವಾಕ್ಕಾಗುತ್ತದೆ.

ಎರಡು ವಿಷಯ. ಒಂದು, ಕ್ಲಿಪ್ಪಿನಲ್ಲಿ ಧ್ವನಿಯೇ ಇಲ್ಲ. ತೆಗೆದುಹಾಕಿದ್ದೀಯಾ? ಎರಡು, ಹದಿನೆಂಟನೇ ಸೆಕೆಂಡಿನಲ್ಲಿ ಕಪ್ಪು ಗೋದಾಮಿನ ಗೋಡೆಗೆ ಒತ್ತಿಕೊಂಡಂತೆ ಒಬ್ಬ ಹೆಂಗಸು ನಿಂತಿದ್ದಾಳೆ. ಗೋಡೆ ವಾಲಿದೆ, ಗೋಡೆಯ ಪಕ್ಕದ ಏಣಿ ವಾಲಿದೆ, ಅವಳೊಬ್ಬಳು ನೆಟ್ಟಗಿದ್ದಾಳೆ. ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ.

ನಾನು ಚೆನ್ನಾಗಿದ್ದೇನೆ, ನೀನು ಕೇಳದಿದ್ದರೂ.

ಅಕ್ಕ

*

ಫೆಬ್ರವರಿ ೨

ಅಕ್ಕ,

ಫೋನಿನ ವಿವರ ಹಿಂಬದಿಯಲ್ಲಿ ಬರೆದಿದ್ದೇನೆ.

ಧ್ವನಿಯಲ್ಲಿ ರೈಲಿನ ಗಡಗಡ ಬಿಟ್ಟರೆ ಏನೂ ಇರಲಿಲ್ಲ, ತೆಗೆದೆ. ಹಳಿ ಪಕ್ಕ ಯಾರ್‍ಯಾರೋ ನಿಂತಿರುತ್ತಾರೆ. ಹಳಿ ರಿಪೇರಿ ಗ್ಯಾಂಗಿನವರ ಕಥೆಗಳನ್ನು ಕೇಳಿದರೆ ನೀನು ರೈಲು ಹತ್ತುವುದನ್ನೇ ಬಿಡುತ್ತೀಯ. ಅವಳನ್ನು ಬಿಡು, ಕಂಬ ಸರಿಮಾಡು.

ಮುಖ ಕಾಣುತ್ತದೆಯೇ?

ತಮ್ಮ

*

ಫೆಬ್ರವರಿ ೯

ತಮ್ಮನಿಗೆ,

ಕಂಬಗಳು ನೇರವಾದವು. ನೂಲು ಹಿಡಿದು ನೆಟ್ಟ ಹಾಗೆ ನಿಂತಿವೆ. ಸುತ್ತಲ ಅಂಚು ಸ್ವಲ್ಪ ಕತ್ತರಿಸಿಹೋಗಿದೆ, ಅಷ್ಟು ತೆತ್ತೇ ತೀರಬೇಕು.

ಆದರೆ ಈ ಕಾಗದ ಕಂಬದ ಬಗ್ಗೆ ಅಲ್ಲ. ನಿಧಾನವಾಗಿ ಓದು.

ಮೊನ್ನೆ ಬೆಳಗ್ಗೆ ಎಲ್ಲರೂ ಬರುವ ಮೊದಲೇ ಬಂದು ಕ್ಲಿಪ್ಪನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿದೆ. ಆ ಹೆಂಗಸು ಹದಿನೆಂಟನೇ ಸೆಕೆಂಡಿನಲ್ಲಿ ಮಾತ್ರವಲ್ಲ, ಐವತ್ತೆರಡನೇ ಸೆಕೆಂಡಿನಲ್ಲಿ ನೀರಿನ ತೊಟ್ಟಿಯ ನೆರಳಿನಲ್ಲೂ ನಿಂತಿದ್ದಾಳೆ. ಒಂದೂವರೆ ನಿಮಿಷದ ಹತ್ತಿರ, ದಟ್ಟ ಮರಗಳ ಸಾಲಿನ ಮುಂದೆ, ಮತ್ತೆ ಅವಳೇ. ಅದೇ ಬಿಳಿ ಶಾಲು, ಅದೇ ನಿಲುವು, ಚೌಕಟ್ಟಿನಲ್ಲಿ ಅದೇ ಜಾಗ. ಅಷ್ಟರಲ್ಲಿ ರೈಲು ಒಂದು ಕಿಲೋಮೀಟರಿಗೂ ಹೆಚ್ಚು ಓಡಿದೆ. ಎದ್ದು ಹೋಗಿ ಕಿಟಕಿಯ ಪರದೆಗಳನ್ನೆಲ್ಲ ಸರಿಸಿದೆ. ಹಾಡುಹಗಲು, ಹೊರಗೆ ಜನ ಓಡಾಡುತ್ತಿದ್ದಾರೆ, ನನಗೆ ಮಾತ್ರ ಕುರ್ಚಿಗೆ ಬೆನ್ನು ಕೊಡಲು ಧೈರ್ಯವಿಲ್ಲ.

ಆಮೇಲೆ ಸರಿಮಾಡಿದ ಕ್ಲಿಪ್ಪನ್ನು ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಕಂಬ ನೇರ, ಗೋಡೆ ನೇರ, ಏಣಿ ನೇರ. ಅವಳು ವಾಲಿದ್ದಾಳೆ. ಮೂರು ಕಡೆಯೂ ಒಂದೇ ಅಳತೆಗೆ, ಎಡಕ್ಕೆ.

ಭೂತ ಎಂದುಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ಚೌಕಟ್ಟಿನ ಬಲ ಅಂಚಿನಲ್ಲಿ ನಿನ್ನ ತೋಳಿನ ಪ್ರತಿಬಿಂಬ ಗಾಜಿನಲ್ಲಿ ಮಸುಕಾಗಿ ಬಿದ್ದಿದೆ. ಅದೂ ಅಷ್ಟೇ ವಾಲಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಅರ್ಥವಾಯಿತೇ? ಹೊರಗೆ ಓಡುವುದು ಮಾತ್ರ ಮೂಲದಲ್ಲಿ ವಾಲುತ್ತದೆ, ಸರಿಮಾಡಿದಾಗ ನೆಟ್ಟಗಾಗುತ್ತದೆ. ಕ್ಯಾಮೆರಾದ ಜೊತೆಗೇ ಬರುವುದು ಮೂಲದಲ್ಲಿ ನೆಟ್ಟಗಿರುತ್ತದೆ, ಸರಿಮಾಡಿದರೆ ವಾಲುತ್ತದೆ. ಅವಳು ಹೊರಗಿಲ್ಲ. ಹಳಿ ಪಕ್ಕ ಅವಳು ಯಾವತ್ತೂ ನಿಂತಿರಲಿಲ್ಲ. ರೈಲಿನೊಳಗೆ, ನಿನ್ನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದಾಳೆ. ಹೊರಗೆ ಕಪ್ಪು ಹಿನ್ನೆಲೆ ಬಂದಾಗ ಮಾತ್ರ ಗಾಜಿನಲ್ಲಿ ಕಾಣುತ್ತಾಳೆ. ಎರಡು ನಿಮಿಷ ಅವಳು ನಿನ್ನನ್ನೇ ನೋಡುತ್ತಿದ್ದಾಳೆ, ನೀನು ಹಿಂತಿರುಗಿಲ್ಲ.

ಮುಖ ಕಾಣುವುದಿಲ್ಲ. ಒಂದು ಕೈಯನ್ನು ಮಡಚಿ ಬಟ್ಟೆಯಲ್ಲಿ ಕುತ್ತಿಗೆಗೆ ತೂಗಿಕೊಂಡಿದ್ದಾಳೆ. ಅದನ್ನು ಕಂಡ ಕ್ಷಣ ಅಮ್ಮ ಎಂದುಕೊಂಡೆ. ಅಮ್ಮನ ಕೈ ಪ್ಲಾಸ್ಟರಿನಲ್ಲಿತ್ತಲ್ಲ, ಮನೆಯಿಂದ ಕಾಣೆಯಾದ ವಾರ. ಆದರೆ ಅಮ್ಮನದು ಬಲಗೈ, ಇವಳದು ಎಡಗೈ. ಆಮೇಲೆ ಉಸಿರಾಡಿದೆ.

ಯಾರವಳು?

ಅಕ್ಕ

*

ಫೆಬ್ರವರಿ ೧೫

ತಮ್ಮಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಇವತ್ತು ಬೆಳಗ್ಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದೆ. ಬಾಚಣಿಗೆ ನನ್ನ ಬಲಗೈಯಲ್ಲಿತ್ತು. ಕನ್ನಡಿಯೊಳಗಿನವಳು ಎಡಗೈಯಲ್ಲಿ ಹಿಡಿದಿದ್ದಳು.

ಅದು ಗಾಜಿನಲ್ಲಿ ಬಿದ್ದ ಬಿಂಬ. ಎಡಬಲ ಅದಲುಬದಲು. ಇಷ್ಟು ಸಣ್ಣ ವಿಷಯ ನನಗೆ ಎಂಟು ದಿನ ಹೊಳೆಯಲಿಲ್ಲ, ಅಥವಾ ಹೊಳೆಯಗೊಡಲಿಲ್ಲ.

ಆ ಕ್ಲಿಪ್ ತೆಗೆದದ್ದು ಯಾವ ದಿನ? ಬೇರೇನೂ ಬರೆಯಬೇಡ, ದಿನಾಂಕ ಬರೆ.

ಅಕ್ಕ

*

ಮಾರ್ಚ್ ೩

ಅಕ್ಕ,

ಅದೇ ದಿನ.

ನಿನಗೆ ಗೊತ್ತಾಗಿದೆ ಎಂದು ನನಗೂ ಗೊತ್ತು. ಆದರೂ ಎಲ್ಲವನ್ನೂ ಬರೆಯುತ್ತೇನೆ. ಎರಡು ಸಲ ಬರೆದು ಹರಿದಿದ್ದೇನೆ.

ಆವತ್ತು ಬೆಳಗ್ಗೆ ನಾನು ಹೊರಟಾಗ ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ನೀನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. "ಅಮ್ಮ, ಬರ್ತೀನಿ" ಅಂದೆ. "ನಾನೂ ಬರ್ತೀನಿ" ಅಂದಳು. ಮರೆವು ಶುರುವಾದ ಮೇಲೆ ಅವಳು ದಿನಕ್ಕೆ ಹತ್ತು ಸಲ ಹಾಗನ್ನುತ್ತಿದ್ದಳಲ್ಲ. "ಆಯ್ತು ಬಾರಮ್ಮ" ಎಂದು ನಗುತ್ತಾ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡೆ. ಚಿಲಕ ಹಾಕಿದೆನೋ ಇಲ್ಲವೋ, ದೇವರಾಣೆ ನೆನಪಿಲ್ಲ.

ಅವಳು ಮಾತಿಗೆ ತಕ್ಕ ಹಾಗೆ ಬಂದಿದ್ದಳು. ಸ್ಟೇಷನ್ನಿಗೆ ಐದು ನಿಮಿಷದ ದಾರಿ. ನನ್ನ ಹಿಂದೆಯೇ ನಡೆದಿದ್ದಾಳೆ, ಹಿಂದೆಯೇ ರೈಲು ಹತ್ತಿದ್ದಾಳೆ, ಹಿಂದೆಯೇ ನಿಂತಿದ್ದಾಳೆ. ನಾನು ಸೇತುವೆಯ ಸ್ಟೇಷನ್ನಿನಲ್ಲಿ ಇಳಿದೆ. ಬಾಗಿಲು ನನ್ನ ಮುಂದೆಯೇ ತೆರೆಯಿತು, ಹಿಂತಿರುಗುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ಪ್ಲಾಟ್‌ಫಾರಂ ತಗ್ಗು, ಮೆಟ್ಟಿಲು ಎತ್ತರ. ಒಂದೇ ಕೈಯಲ್ಲಿ ಅವಳು ಇಳಿಯಲಾರದೆ ಉಳಿದಿರಬೇಕು. ಬಾಗಿಲು ಮುಚ್ಚಿಕೊಂಡಿರಬೇಕು.

ಸಂಜೆ ಪೊಲೀಸಿನವರು ಕೇಳಿದರು, "ನಿಮ್ ಜೊತೆ ಏನಾದ್ರೂ ಬಂದ್ರಾ?" ನಾನು ಖಡಾಖಂಡಿತವಾಗಿ ಹೇಳಿದೆ, "ಇಲ್ಲ, ನಾನೊಬ್ಬನೇ ಬಂದೆ." ಅದಕ್ಕೇ ಎಲ್ಲರೂ ಕೆರೆ ಹುಡುಕಿದರು, ಬಾವಿ ಹುಡುಕಿದರು, ಮಾರುಕಟ್ಟೆ ಹುಡುಕಿದರು. ರೈಲಿನ ದಾರಿಯನ್ನು ಯಾರೂ ಹುಡುಕಲಿಲ್ಲ. ಮತ್ತೆ ನಾನು ನಿನ್ನ ಕಡೆ ಬೆರಳು ತೋರಿಸಿದೆ. "ಕಿವಿಗೆ ಆ ಡಬ್ಬಿ ಹಾಕ್ಕೊಂಡು ಕೂತಿದ್ದೆಯಲ್ಲ, ಮನೆ ದರೋಡೆ ಆದ್ರೂ ಗೊತ್ತಾಗ್ತಿರ್ಲಿಲ್ಲ" ಅಂದೆ. ನೆಂಟರ ಮುಂದೆ ಅಂದೆ.

ಈಗ ಇದಕ್ಕಿಂತ ಕೆಟ್ಟದ್ದು. ಹತ್ತು ತಿಂಗಳ ಹಿಂದೆ ಫೋನ್ ಖಾಲಿ ಮಾಡುವಾಗ ಆ ಕ್ಲಿಪ್ ಸಿಕ್ಕಿತು. ಧ್ವನಿ ಇತ್ತು. ರೈಲಿನ ಸದ್ದಿನ ನಡುವೆ ಒಬ್ಬಳು ಕೇಳುತ್ತಾಳೆ, "ಏನ್ ಕಾಣ್ತಿದೆ ಅಲ್ಲಿ?" ನಾನು, ನಾನೇ, ಹೇಳುತ್ತೇನೆ, "ಸ್ವಲ್ಪ ಆಚೆ ನಿಂತ್ಕೊಳ್ಳಿ, ಕೈ ಅಲುಗುತ್ತೆ." ಬಹುವಚನದಲ್ಲಿ. ಯಾರೋ ಅಪರಿಚಿತರಿಗೆ ಹೇಳುವ ಹಾಗೆ. ಅವಳು ಆಚೆ ನಿಂತುಕೊಂಡಿರಬೇಕು. ಹೇಳಿದ ಹಾಗೆ ಕೇಳುತ್ತಿದ್ದಳಲ್ಲ, ಕೊನೆಕೊನೆಗೆ.

ಅಂದೇ ನಿನಗೆ ಹೇಳಬೇಕಿತ್ತು. ಆ ರೈಲಿನ ಕೊನೆಯ ಸ್ಟೇಷನ್ನಿಗೆ ಒಂದು ದಿನ ಹೋದೆ. ಪ್ಲಾಟ್‌ಫಾರಂ ಮೇಲೆ ಮೂರು ಗಂಟೆ ಕೂತೆ. ಯಾರನ್ನೂ ಕೇಳದೆ ವಾಪಸು ಬಂದೆ. ಸಿಕ್ಕರೂ ಭಯ, ಸಿಗದಿದ್ದರೂ ಭಯ. ಆಮೇಲೆ ಒಂದು ಆಸೆ ಹುಟ್ಟಿತು: ಧ್ವನಿಯನ್ನು ನಾನು ತಪ್ಪಾಗಿ ಕೇಳಿಸಿಕೊಂಡಿರಬಹುದು, ಗಾಜಿನಲ್ಲಿರುವುದು ಬೇರೆ ಯಾರೋ ಇರಬಹುದು. ನೀನಾದರೆ ಸುಳ್ಳು ಹೇಳುವುದಿಲ್ಲ. ಏನೂ ತಿಳಿಸದೆ ಕಳಿಸಿದರೆ, "ಯಾರೋ ಹಳಿ ಪಕ್ಕದ ಹೆಂಗಸು" ಎಂದು ಬರೆಯುತ್ತೀಯ ಎಂದುಕೊಂಡೆ. ಮೇಸ್ತ್ರಿಯ ಸಿನಿಮಾ ಎಲ್ಲ ಸುಳ್ಳು. ಅವನಿಗೆ ಸಿನಿಮಾ ಅಂದರೆ ಆಗುವುದೇ ಇಲ್ಲ.

ಧ್ವನಿ ಇರುವ ಮೂಲ ಕ್ಲಿಪ್ಪನ್ನು ಇದರ ಜೊತೆ ಇಟ್ಟಿದ್ದೇನೆ. ಕೇಳಬೇಡ ಎನ್ನುವ ಹಕ್ಕು ನನಗಿಲ್ಲ.

ತಮ್ಮ

*

ಏಪ್ರಿಲ್ ೨೦

ತಮ್ಮನಿಗೆ,

ಏಳು ವಾರ ಬರೆಯಲಿಲ್ಲ. ಬರೆಯಲು ಕೂತರೆ ಕೈಗೆ ಬರುತ್ತಿದ್ದ ಮಾತುಗಳು ಒಡಹುಟ್ಟಿದವರಿಗೆ ಬರೆಯುವಂಥವಲ್ಲ. ಹತ್ತು ತಿಂಗಳು, ಕಣೋ. ಆ ಹತ್ತು ತಿಂಗಳೂ ನಾನು ನೆಂಟರ ಮುಖ ಕಂಡರೆ ದಾರಿ ಬದಲಿಸುತ್ತಿದ್ದೆ. ಇದನ್ನು ನಾನು ಮರೆಯುವುದಿಲ್ಲ, ಸುಳ್ಳು ಹೇಳಲಾರೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಇದೆ, ಅದನ್ನು ಮೊದಲು ಬರೆಯುತ್ತೇನೆ.

ಅಮ್ಮ ಇದ್ದಾಳೆ.

ಕೂತುಕೊಂಡು ಓದು. ಈ ಕಾಗದವನ್ನು ಆ ರೈಲಿನ ಕೊನೆಯ ಸ್ಟೇಷನ್ನಿನ ಎದುರಿನ ವಸತಿಗೃಹದಲ್ಲಿ ಕೂತು ಬರೆಯುತ್ತಿದ್ದೇನೆ.

ಬರುವಾಗ ಒಂದು ಫ್ರೇಮ್ ಮುದ್ರಿಸಿ ತಂದಿದ್ದೆ. ಸರಿಮಾಡಿದ್ದಲ್ಲ, ಮೂಲದ್ದು. ಕಂಬ ಹೇಗೆ ಬೇಕಾದರೂ ವಾಲಲಿ, ಅಮ್ಮ ನೆಟ್ಟಗಿರಲಿ ಎಂದು. ಎಡಬಲ ಮಾತ್ರ ತಿರುಗಿಸಿದ್ದೆ. ಟಿಕೆಟ್ ಕೊಡುವವನಿಗೆ ತೋರಿಸಿದೆ. ಅವನು ಹೊಸಬ. "ಗುರುತು ಪರಿಚಯ ಇಲ್ದೆ ಇಳಿದವ್ರನ್ನ ಆಸ್ಪತ್ರೆ ಹಿಂದಿನ ಆಶ್ರಯಕ್ಕೆ ಕಳಿಸ್ತಾರೆ ಮೇಡಂ, ಅಲ್ಲಿ ಕೇಳಿ" ಅಂದ.

ಅಲ್ಲಿ ಹತ್ತೊಂಬತ್ತು ಜನ ಹೆಂಗಸರಿದ್ದಾರೆ. ನೋಡಿಕೊಳ್ಳುವಾಕೆ ದಪ್ಪ ಕನ್ನಡಕದ ಗಟ್ಟಿಗಿತ್ತಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ನನ್ನ ಚಿತ್ರದಲ್ಲಿ ಮುಖವೇ ಇಲ್ಲವಲ್ಲ, ಬಯ್ದು ಕಳಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೇ ಸಲ ನೋಡಿ ಹೇಳಿದಳು, "ನಮ್ ನೆರಳಮ್ಮ ಅಲ್ವಾ ಇವ್ರು?"

ಯಾಕೆ ಆ ಹೆಸರು ಎಂದು ಕೇಳಿದೆ.

"ಅವ್ರು ಯಾರ ಹಿಂದಾದ್ರೂ ಹೋಗಿ ನಿಲ್ತಾರೆ. ಕರೆಯಲ್ಲ, ಮುಟ್ಟಲ್ಲ. ನಾವು ಪಾತ್ರೆ ತೊಳೀತಿರ್ತೀವಿ, ಬೆನ್ನ ಹಿಂದೆ ಏನೋ ಇದೆ ಅನ್ಸುತ್ತೆ. ತಿರುಗಿ ನೋಡೋವರೆಗೂ ನಿಂತೇ ಇರ್ತಾರೆ. ಗಂಟೆಗಟ್ಲೆ ಬೇಕಾದ್ರೂ. ತಿರುಗಿದ್ರೆ ಮುಖ ನೋಡಿ, 'ನೀವಲ್ಲ' ಅಂದು ಹೊರಟ್ಹೋಗ್ತಾರೆ. ಮೊದ್ಲು ನಮ್ಗೂ ಹೆದ್ರಿಕೆ ಆಗ್ತಿತ್ತು. ಒಬ್ಬಳು ಕೆಲ್ಸಾನೇ ಬಿಟ್ಟು ಹೋದ್ಲು."

ಬಂದಾಗ ಕೈಗೆ ಪ್ಲಾಸ್ಟರ್ ಇತ್ತಂತೆ. ಹೆಸರು ಕೇಳಿದರೆ, "ಮಗ ಮುಂದಿದ್ದಾನೆ, ಅವನು ಹೇಳ್ತಾನೆ" ಅಂದಳಂತೆ. ಎರಡೂವರೆ ವರ್ಷದಲ್ಲಿ ಅವಳು ಹೇಳಿದ ವಿಳಾಸ ಅದೊಂದೇ.

ನಾನು ಎದುರಿಗೆ ಹೋಗಿ ನಿಂತೆ. "ಅಮ್ಮ" ಅಂದೆ. ತುಂಬ ಬೆಳ್ಳಗಾಗಿದ್ದಾಳೆ, ಕೂದಲು ಮೋಟು ಮಾಡಿಸಿದ್ದಾರೆ. ನನ್ನನ್ನು ನೋಡಿದಳು ಅಂದರೆ ತಪ್ಪು, ನಾನು ನಿಂತಿದ್ದ ಜಾಗವನ್ನು ನೋಡಿದಳು. ಅರ್ಧ ಗಂಟೆ ಮಾತಾಡಿಸಿದೆ. ಕಡೆಗೆ ಬಿಟ್ಟು ಆಕೆಯ ಆಫೀಸಿನಲ್ಲಿ ಕಾಗದಪತ್ರ ತುಂಬಿಸುತ್ತಾ ಕೂತೆ. ಎರಡನೇ ಪುಟಕ್ಕೆ ಬಂದಿದ್ದೆ. ಬೆನ್ನ ಮೇಲೆ ಯಾರೋ ಉಸಿರಾಡಿದ ಹಾಗಾಯಿತು.

ಆ ಉಸಿರನ್ನು ನಾನು ನಲವತ್ತು ವರ್ಷದಿಂದ ಬಲ್ಲೆ. ಆದರೂ ಬರೆಯುತ್ತಿದ್ದ ಸಾಲಿನಿಂದ ಕಣ್ಣೆತ್ತಲಿಲ್ಲ. ಯಾಕೆಂದರೆ ಅವಳು ಯಾರಿಗಾಗಿ ಹಾಗೆ ನಿಂತಿದ್ದಾಳೆ ಎಂದು ನನಗೆ ಗೊತ್ತಿತ್ತು.

ತಿರುಗಿದೆ.

ಅವಳು ತುಂಬ ಪ್ರೀತಿಯಿಂದ ನೋಡಿದಳು, ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವಷ್ಟು ಪ್ರೀತಿಯಿಂದ. "ನೀವಲ್ಲ" ಅಂದಳು. ಹೊರಟುಹೋದಳು.

ಬಾರೋ. ನಾನು ನಾಳೆ ಊರಿಗೆ ಹೋಗಿ ದಾಖಲೆಗಳನ್ನೆಲ್ಲ ತರಬೇಕು, ಪೊಲೀಸಿನಿಂದ ಒಂದು ಪತ್ರವೂ ಬೇಕಂತೆ. ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನೀನು ಹೋಗು. ನನಗಾಗಿ ಅಲ್ಲ.

ಅಕ್ಕ

*

ಮೇ ೫

ಅಕ್ಕ,

ಮೇಸ್ತ್ರಿಯ ಹತ್ತಿರ ರಜೆ ಕೇಳಿದೆ. ಅವನು ಇನ್ನೂ ಕೆಲಸದಲ್ಲೇ ಇದ್ದಾನೆ, ನಿವೃತ್ತಿಯೂ ನನ್ನ ಸುಳ್ಳೇ. ಕಾರಣ ಕೇಳಿದ, ಹೇಳಿದೆ. "ಹೋಗಯ್ಯಾ, ಸೇತುವೆ ಎಲ್ಲೂ ಓಡ್ಹೋಗಲ್ಲ" ಅಂದ.

ನಿನ್ನೆ ಬೆಳಗ್ಗೆ ಇಲ್ಲಿಗೆ ಬಂದೆ. ಬೀಗದ ಕೈಯ ಆಕೆ ನನ್ನನ್ನು ಅಂಗಳದ ಬೆಂಚಿನ ಮೇಲೆ ಕೂರಿಸಿ, "ನೀವು ಕರೀಬೇಡಿ, ಅವ್ರೇ ಬರ್ತಾರೆ" ಅಂದಳು. ಗೋಡೆಯ ಕಡೆ ಮುಖ ಮಾಡಿ ಕೂತೆ. ಗೋಡೆಯ ಮೇಲೆ ಬಿಸಿಲಿತ್ತು. ಒಂದು ಗಂಟೆಯಾಯಿತು. ಆಮೇಲೆ ಗೋಡೆಯ ಮೇಲಿನ ನನ್ನ ನೆರಳಿನ ಪಕ್ಕ ಇನ್ನೊಂದು ನೆರಳು ಬಂದು ನಿಂತಿತು.

ಸುಳ್ಳು ಹೇಳುವುದಿಲ್ಲ, ತಿರುಗಲಿಲ್ಲ. ತಿರುಗಲಾಗಲಿಲ್ಲ. ತಿರುಗುವವರೆಗೆ ನಾನು ಅವಳ ಮಗ. ತಿರುಗಿದರೆ ಅವಳು ಆ ಮಾತು ಹೇಳಿಬಿಡುತ್ತಾಳೆ. ನೆರಳುಗಳು ಗೋಡೆಯ ಮೇಲೆ ಕೆಳಕ್ಕೆ ಇಳಿಯುತ್ತಾ ಹೋದವು. ಒಳಗೆ ಊಟಕ್ಕೆ ಕರೆದರು, ಅವಳು ಹೋಗಲಿಲ್ಲ. ಅವಳ ಕಾಲು ನಡುಗುತ್ತಿದೆ ಎಂದು ನೆರಳಿನಲ್ಲೇ ಕಂಡಿತು. ಆಗ ನನಗೆ ನಾಚಿಕೆಯಾಯಿತು, ಅಕ್ಕ. ಅವಳನ್ನು ಎರಡೂವರೆ ವರ್ಷ ನಿಲ್ಲಿಸಿದ್ದು ಸಾಲದೇ?

ತಿರುಗಿದೆ.

ಬಹಳ ಹೊತ್ತು ನೋಡಿದಳು. ಹಣೆ ನೋಡಿದಳು, ಕೈಗಂಟಿದ ಬಣ್ಣ ನೋಡಿದಳು. "ಅಮ್ಮ, ನಾನು" ಅಂದೆ. ತಲೆ ಅಲ್ಲಾಡಿಸಿದಳು. "ನನ್ ಮಗ ಇಷ್ಟು ದೊಡ್ಡೋನಲ್ಲ" ಅಂದಳು. ಕೈಯನ್ನು ಬೆಂಚಿಗಿಂತ ಸ್ವಲ್ಪವೇ ಮೇಲೆ ಹಿಡಿದು ತೋರಿಸಿದಳು, ಇಷ್ಟು ಎಂದು.

ನಾನು ಅತ್ತೆ. ಅಂಗಳದಲ್ಲಿ ಎಲ್ಲರ ಎದುರಿಗೆ, ಮೂಗು ಸುರಿಸುತ್ತಾ. ಅವಳು ಹೊರಡಲೆಂದು ಒಂದು ಹೆಜ್ಜೆ ಹಾಕಿದವಳು ನಿಂತಳು. ವಾಪಸು ಬಂದಳು. ಶಾಲಿನ ತುದಿಯಿಂದ ನನ್ನ ಮುಖ ಒರೆಸಿ, ಪಕ್ಕದಲ್ಲಿ ಕೂತಳು.

"ನೀವೂ ಯಾರನ್ನಾದ್ರೂ ಹುಡುಕ್ತಿದ್ದೀರಾ?" ಎಂದು ಕೇಳಿದಳು.

"ಹೂಂ" ಅಂದೆ.

"ಅಳ್ಬಾರ್ದು. ಎಲ್ಲೂ ಹೋಗ್ದೆ ಒಂದೇ ಕಡೆ ಕೂತಿರಿ. ಬರ್ತಾರೆ."

ಹಾಗೇ ಕೂತೆವು. ಬಿಸಿಲು ಗೋಡೆ ಬಿಟ್ಟು ಹೋಗುವವರೆಗೂ ಇಬ್ಬರೂ ಗೇಟಿನ ಕಡೆ ನೋಡುತ್ತಿದ್ದೆವು. ಆಗಾಗ ನನ್ನ ಮಂಡಿ ತಟ್ಟುತ್ತಿದ್ದಳು, ಧೈರ್ಯ ಹೇಳುವ ಹಾಗೆ.

ಇವತ್ತು ಬೆಳಗ್ಗೆ ಹೋದಾಗ ಬೆಂಚಿನ ಮೇಲೆ ಅವಳಾಗಲೇ ಕೂತಿದ್ದಳು. ಪಕ್ಕದಲ್ಲಿ ನನಗೆಂದು ಜಾಗ ಬಿಟ್ಟಿದ್ದಳು. ಕಾಗದಪತ್ರ ತೆಗೆದುಕೊಂಡು ಬೇಗ ಬಾ. ಬರುವಾಗ ಗೇಟಿನಿಂದ ನೇರವಾಗಿ ಬಾ, ನಿನ್ನನ್ನು ಇಬ್ಬರೂ ನೋಡುತ್ತಿರುತ್ತೇವೆ.

ನಿನ್ನ ತಮ್ಮ